ಮನಸ್ಸಿನ ಕಾಯಿಲೆ: ಚಿಕಿತ್ಸೆ ಯಾರದು, ಖರ್ಚು ಯಾರದು?



ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಜನರನ್ನು ಕೇಳುತ್ತೇವೆ. ಆಮೇಲೆ ಹಣ ಎಣಿಸುತ್ತೇವೆ. ಮನೆಯಲ್ಲಿ ಒಬ್ಬರಿಗೆ ಮನಸ್ಸಿನ ಕಾಯಿಲೆ ಬಂದರೆ ಮಾತ್ರ ಈ ಎಚ್ಚರವೆಲ್ಲ ತಪ್ಪಿಹೋಗುತ್ತದೆ. ನಾಚಿಕೆಯಿಂದ ಯಾರಿಗೂ ಹೇಳದೆ, ಯಾರೋ ತೋರಿಸಿದ ಕಡೆಗೆ ಓಡಿ, ಕೇಳಿದಷ್ಟು ಹಣ ಕೊಟ್ಟು ಬರುತ್ತೇವೆ.

ಒಂದು ಮನೆಯ ಹುಡುಗನಿಗೆ ನಿದ್ದೆಯಿಲ್ಲ, ಊಟ ಸೇರದು, ಒಬ್ಬನೇ ಮಾತನಾಡಿಕೊಳ್ಳುತ್ತಾನೆ ಎಂದಿಟ್ಟುಕೊಳ್ಳೋಣ. ತಂದೆ ತಾಯತಕ್ಕೆ ಒಂದಿಷ್ಟು ಖರ್ಚುಮಾಡುತ್ತಾನೆ. ಅನಂತರ ಪೇಟೆಯಲ್ಲಿ ಫಲಕ ಹಾಕಿಕೊಂಡ ಯಾರಿಗೋ ಮತ್ತಷ್ಟು ಕೊಡುತ್ತಾನೆ, ರಸೀದಿ ಇಲ್ಲ. ನಿಜವಾದ ವೈದ್ಯರ ಬಳಿಗೆ ಬರುವ ಹೊತ್ತಿಗೆ ಕೈ ಬರಿದಾಗಿರುತ್ತದೆ. ಮೂರು ತಿಂಗಳಿಗೆ ಮಾತ್ರೆ ನಿಲ್ಲುತ್ತದೆ, ಕಾಯಿಲೆ ಮರುಕಳಿಸುತ್ತದೆ. ಇಲ್ಲಿ ಹುಡುಗನನ್ನು ಕೆಡಿಸಿದ್ದು ರೋಗವೊಂದೇ ಅಲ್ಲ, ತಿಳಿವಳಿಕೆಯ ಕೊರತೆಯೂ ಹೌದು. ಆದುದರಿಂದ ಹಣ ಬಿಚ್ಚುವ ಮೊದಲು ಎರಡು ಪ್ರಶ್ನೆ ಕೇಳಬೇಕು: ಚಿಕಿತ್ಸೆ ಕೊಡಲು ಇವರಿಗೆ ಅಧಿಕಾರವಿದೆಯೇ? ಈ ಖರ್ಚನ್ನು ನಾನೇ ಕೊಡಬೇಕೆ?

1. ಚಿಕಿತ್ಸೆ ಕೊಡಲು ಯಾರು ಅರ್ಹರು?

2017ರ ಮಾನಸಿಕ ಆರೋಗ್ಯ ಕಾಯಿದೆಯು 2018ರ ಮೇ 29ರಿಂದ ಜಾರಿಯಲ್ಲಿದೆ. ಅದು ಒಬ್ಬೊಬ್ಬರ ಕೆಲಸವನ್ನೂ ವಿಂಗಡಿಸಿದೆ.

ಮನೋವೈದ್ಯರು: ಎಂ.ಬಿ.ಬಿ.ಎಸ್. ಮುಗಿಸಿ, ಮನೋವೈದ್ಯಶಾಸ್ತ್ರದಲ್ಲಿ ಮೇಲಿನ ಪದವಿ ಅಥವಾ ಡಿಪ್ಲೊಮಾ ಪಡೆದವರು. ರೋಗ ಗುರುತಿಸಿ ಔಷಧ ಬರೆಯುವವರು ಇವರು. ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇವರ ಚೀಟಿಯಲ್ಲಿ ಇರತಕ್ಕದ್ದು.

ಕ್ಲಿನಿಕಲ್ ಸೈಕಾಲಜಿಸ್ಟರು: ಮಾತಿನ ಮೂಲಕ ಚಿಕಿತ್ಸೆ ಮಾಡುವವರು, ಮನಸ್ಸಿನ ಪರೀಕ್ಷೆಗಳನ್ನು ನಡೆಸುವವರು. ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಶಿಕ್ಷಣವೂ ಅದರ ನೋಂದಣಿಯೂ ಇವರಿಗೆ ಬೇಕು. ಇವರು ಮಾತ್ರೆ ಬರೆಯುವಂತಿಲ್ಲ.

ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಮತ್ತು ನರ್ಸುಗಳು: ಮನೆಯವರಿಗೆ ತಿಳಿಹೇಳುವುದು, ರೋಗಿಯನ್ನು ಮತ್ತೆ ಕೆಲಸಕ್ಕೆ ಹಚ್ಚುವುದು, ಶುಶ್ರೂಷೆ, ಇವು ಇವರ ಹೊಣೆ.

ಇದಲ್ಲದೆ ಆಯುರ್ವೇದ, ಹೋಮಿಯೋಪತಿ, ಯುನಾನಿ, ಸಿದ್ಧ ಪದ್ಧತಿಗಳಲ್ಲಿ ಮನೋರೋಗದ ವಿಷಯವನ್ನೇ ಸ್ನಾತಕೋತ್ತರವಾಗಿ ಓದಿದವರನ್ನೂ ಕಾಯಿದೆ ಒಪ್ಪುತ್ತದೆ. ಆದರೆ ಯಾರೇ ಆಗಲಿ, ತಮ್ಮ ವೃತ್ತಿಗೆ ಸೇರದ ಔಷಧವನ್ನಾಗಲಿ ಚಿಕಿತ್ಸೆಯನ್ನಾಗಲಿ ಕೊಡಕೂಡದು.

ಸಮಾಧಾನ ಹೇಳುವ ಆಪ್ತಸಮಾಲೋಚಕರು ಉಪಕಾರಿಗಳೇ. ಆದರೆ ನಾಲ್ಕು ವಾರದ ತರಬೇತಿಯ ಪತ್ರ ಹಿಡಿದವರು ಕ್ಲಿನಿಕಲ್ ಸೈಕಾಲಜಿಸ್ಟರಾಗುವುದಿಲ್ಲ.

ರೋಗಿಗಳನ್ನು ಇರಿಸಿಕೊಳ್ಳುವ ಮನೋರೋಗ ಚಿಕಿತ್ಸಾ ಸಂಸ್ಥೆಗೂ ನೋಂದಣಿ ಬೇಕು. ನೋಂದಣಿಯಿಲ್ಲದೆ ನಡೆಸಿದರೆ ಮೊದಲ ತಪ್ಪಿಗೆ 5,000 ರೂಪಾಯಿಯಿಂದ 50,000 ರೂಪಾಯಿಯವರೆಗೆ ದಂಡವಿದೆ. ರೋಗಿಯನ್ನು ಸರಪಳಿಯಿಂದ ಕಟ್ಟುವುದು ಯಾವ ರೀತಿಯಲ್ಲೂ ಕೂಡದು. ಸರಪಳಿ ಕಂಡ ಜಾಗದಲ್ಲಿ ಹಣ ಕಟ್ಟಬೇಡಿ. ಮಗನನ್ನು ಕರೆದುಕೊಂಡು ಹಿಂದಿರುಗಿ.

2. ಹಣ ಕೊಡಬೇಕಾಗಿಲ್ಲದ ಕಡೆ

ಬಡತನದ ರೇಖೆಗಿಂತ ಕೆಳಗಿರುವವರಿಗೂ ದಿಕ್ಕಿಲ್ಲದವರಿಗೂ ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಪೂರ್ತಿ ಉಚಿತ. ಬಿ.ಪಿ.ಎಲ್. ಚೀಟಿ ಕೈಯಲ್ಲಿಲ್ಲದಿದ್ದರೂ ಈ ಹಕ್ಕು ತಪ್ಪದು ಎಂದು ಕಾಯಿದೆಯ 18ನೆಯ ಕಲಮು ಸ್ಪಷ್ಟವಾಗಿ ಹೇಳಿದೆ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವ ಬಲ್ಲಿದರೆನ್ನದೆ ಎಲ್ಲ ಮನೋರೋಗಿಗಳಿಗೂ ಉಚಿತವಾಗಿ ಸಿಗಬೇಕು.

ಜಿಲ್ಲೆಯಲ್ಲಿಯೇ ಇಂಥ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಮೊದಲಾಯಿತು. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂಬುದನ್ನು ಆಶಾ ಕಾರ್ಯಕರ್ತೆಯಲ್ಲಿ ಕೇಳಿ ಗೊತ್ತುಮಾಡಿಕೊಳ್ಳಿ.

ದಾರಿ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಟೆಲಿ ಮಾನಸ್ ಸೇವೆ ಹಗಲಿರುಳೂ ಉಂಟು, ಕನ್ನಡದಲ್ಲಿ ಮಾತನಾಡಬಹುದು, ಕಾಸಿಲ್ಲ.

3. ಆಸ್ಪತ್ರೆಗೆ ಸೇರಿಸಬೇಕಾದಾಗ

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು. ಯಾವ ಆಸ್ಪತ್ರೆ, ಯಾವ ಚಿಕಿತ್ಸೆ ಇದಕ್ಕೆ ಸೇರುತ್ತದೆಂಬುದನ್ನು ಸೇರಿಸುವ ಮೊದಲೇ ಅಲ್ಲಿನ ಆರೋಗ್ಯಮಿತ್ರರಲ್ಲಿ ವಿಚಾರಿಸತಕ್ಕದ್ದು. ಸೇರಿಸಿದ ಮೇಲೆ ಓಡಾಡಿ ಫಲವಿಲ್ಲ.

ಪಟ್ಟಣದಲ್ಲಿ ದುಡಿಯುವ ಮಕ್ಕಳು ಮನೆಯವರೆಲ್ಲರ ಹೆಸರಿನಲ್ಲಿ ಆರೋಗ್ಯ ವಿಮೆ ಮಾಡಿಸಿರಬಹುದು. ದೇಹದ ಕಾಯಿಲೆಗೆ ಕೊಡುವ ರೀತಿಯಲ್ಲೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡತಕ್ಕದ್ದೆಂದು ಕಾಯಿದೆಯ 21ನೆಯ ಕಲಮು ಹೇಳುತ್ತದೆ. “ಇದು ತಲೆಯ ಕಾಯಿಲೆ, ಬರುವುದಿಲ್ಲ” ಎಂದು ಯಾರಾದರೂ ಹೇಳಿದರೆ ಸುಮ್ಮನಾಗಬೇಡಿ. ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ, ಅದಕ್ಕೆ ಶುಲ್ಕವಿಲ್ಲ. ಆದರೆ ಎರಡು ಮಾತು ನೆನಪಿರಲಿ: ಆಸ್ಪತ್ರೆಗೆ ಸೇರದೆ ಬರಿದೆ ತೋರಿಸಿಕೊಂಡು ಬಂದ ಖರ್ಚನ್ನು ಬಹಳಷ್ಟು ಪಾಲಿಸಿಗಳು ಕೊಡುವುದಿಲ್ಲ, ಮೊದಲಿನಿಂದ ಇದ್ದ ಕಾಯಿಲೆಯನ್ನು ಮುಚ್ಚಿಟ್ಟರೆ ಕೊಡುವ ಹಣವೂ ನಿಲ್ಲುತ್ತದೆ.

4. ಬಿಲ್ಲನ್ನು ಓದುವ ಬಗೆ

ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಅದರಲ್ಲಿ ರೋಗಿಯ ಹೆಸರು, ತಾರೀಖು, ಚಿಕಿತ್ಸೆ ಕೊಟ್ಟವರ ಹೆಸರು ಇರಬೇಕು. ವೈದ್ಯರ ಶುಲ್ಕ, ಮಾತಿನ ಚಿಕಿತ್ಸೆಯ ಶುಲ್ಕ, ಹಾಸಿಗೆ, ಔಷಧ, ಪರೀಕ್ಷೆ, ಇವನ್ನು ಬೇರೆ ಬೇರೆಯಾಗಿ ಬರೆಸಿ. ಒಟ್ಟು ಮೊತ್ತವೊಂದನ್ನೇ ಬರೆದ ಚೀಟಿಯಿಂದ ವಿಮೆಯ ಹಣ ಬರುವುದು ಕಷ್ಟ. ಔಷಧದ ಚೀಟಿಗಳನ್ನೂ ಬಿಡುಗಡೆಯ ಸಾರಾಂಶವನ್ನೂ ಪಹಣಿ ಪತ್ರದಂತೆ ಒಂದೇ ಚೀಲದಲ್ಲಿ ಜೋಪಾನ ಮಾಡಿ. ತನ್ನ ವೈದ್ಯಕೀಯ ದಾಖಲೆಗಳನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು.

ಕೊನೆಯ ಮಾತು: ಖರ್ಚು ಹೆಚ್ಚಾಯಿತೆಂದು ಮಾತ್ರೆಯನ್ನು ತಾವೇ ನಿಲ್ಲಿಸಬೇಡಿ. ಖಾಸಗಿ ವೈದ್ಯರ ಚೀಟಿಯನ್ನೇ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ, “ಇದೇ ಔಷಧ ಇಲ್ಲಿ ಸಿಗುವುದೇ?” ಎಂದು ಕೇಳಿ. ಹಾಗೆ ಕೇಳುವುದರಲ್ಲಿ ಅವಮಾನವಿಲ್ಲ. ಕೇಳದೆ ಮನೆಯಲ್ಲಿ ಕುಳಿತರೆ ನಷ್ಟವಾಗುವುದು ಹಣವಲ್ಲ, ಒಂದು ಜೀವ.

ಯುವಕ ಮಂಡಲ, ಮಹಿಳಾ ಸಂಘಗಳಲ್ಲಿ ಚರ್ಚೆಗೆ

(1) ನಮ್ಮ ತಾಲ್ಲೂಕಿಗೆ ಮನೋವೈದ್ಯರು ಬರುವ ದಿನ ಯಾವುದು? ಅದನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಬಹುದೇ?
(2) ಮಾತ್ರೆ ಬರೆಯಲು ಯಾರಿಗೆ ಅಧಿಕಾರವಿದೆ, ಯಾರಿಗಿಲ್ಲ?
(3) ಚೀಟಿಯಿಲ್ಲದ ಬಡವರನ್ನು ಹಿಂದಕ್ಕೆ ಕಳುಹಿಸಿದರೆ, ಜೊತೆಯಲ್ಲಿ ಹೋಗಿ ಕಾಯಿದೆಯ ಮಾತು ಹೇಳುವವರು ನಮ್ಮೂರಿನಲ್ಲಿ ಯಾರು?