ಒಂದು ಧಾತು, ಆರು ರೂಪಗಳು

ಕೆಲವು ಸಂಗತಿಗಳನ್ನು ಅವಲೋಕಿಸಿ, ಅವುಗಳಲ್ಲಿ ಅಡಗಿರುವ ನಿಯಮವನ್ನು ಕಂಡುಕೊಂಡು, ಇನ್ನೂ ನೋಡದ ಸಂಗತಿಗಳನ್ನು ಮುಂದಾಗಿಯೇ ಹೇಳುವುದು ವಿಜ್ಞಾನದ ಮಾರ್ಗ. ಪರಭಾಷೆಯನ್ನು ಕಲಿಯುವುದಕ್ಕೂ ಈ ಮಾರ್ಗವು ಸಲ್ಲುತ್ತದೆ. ಸ್ಪ್ಯಾನಿಷ್ ಭಾಷೆಯ ವರ್ತಮಾನಕಾಲದ ಕ್ರಿಯಾಪದಗಳನ್ನು ತೆಗೆದುಕೊಂಡು ಇದನ್ನು ಪರಿಶೀಲಿಸೋಣ.

'ಕಂತಾರ್' ಎಂದರೆ ಹಾಡುವುದು. ಕೊನೆಯ 'ಆರ್' ಅನ್ನು ತೆಗೆದರೆ ಉಳಿಯುವ 'ಕಂತ್' ಎಂಬುದೇ ಪ್ರಕೃತಿ. ಇದಕ್ಕೆ ಆರು ಪ್ರತ್ಯಯಗಳು ಸೇರುತ್ತವೆ. ಉಚ್ಚಾರಣೆಯಲ್ಲಿ ಒತ್ತು ಬೀಳುವ ಸ್ವರವನ್ನು ಇಲ್ಲಿ ದೀರ್ಘವಾಗಿ ಬರೆದಿದ್ದೇವೆ.

ಕಾಂತೊ – ಹಾಡುತ್ತೇನೆ
ಕಾಂತಸ್ – ಹಾಡುತ್ತೀಯೆ
ಕಾಂತ – ಹಾಡುತ್ತಾನೆ, ಹಾಡುತ್ತಾಳೆ, ಹಾಡುತ್ತದೆ
ಕಂತಾಮೊಸ್ – ಹಾಡುತ್ತೇವೆ
ಕಂತಾಯ್ಸ್ – ಹಾಡುತ್ತೀರಿ
ಕಾಂತನ್ – ಹಾಡುತ್ತಾರೆ, ಹಾಡುತ್ತವೆ

'ಹಾಡುತ್ತೇನೆ' ಎಂದೊಡನೆ ಕರ್ತೃವು 'ನಾನು' ಎಂದು ತಿಳಿಯುತ್ತದಷ್ಟೆ. ಸ್ಪ್ಯಾನಿಷಿನಲ್ಲಿಯೂ ಹಾಗೆಯೇ; ಕರ್ತೃಪದವನ್ನು ಬಿಟ್ಟು ಮಾತನಾಡುವುದೇ ವಾಡಿಕೆ. ಇಂಗ್ಲಿಷಿನಲ್ಲಿ ಈ ಸೌಕರ್ಯವಿಲ್ಲ. ಆದರೆ ಕನ್ನಡದ ಲಿಂಗಭೇದವು ಸ್ಪ್ಯಾನಿಷ್ ಕ್ರಿಯಾಪದದಲ್ಲಿ ಕಾಣುವುದಿಲ್ಲ. ಐದನೆಯ ರೂಪವು ಸ್ಪೇನ್ ದೇಶದ ಬಳಕೆ. ಲ್ಯಾಟಿನ್ ಅಮೆರಿಕದ ಆಡುಮಾತಿನಲ್ಲಿ ಅದರ ಬದಲು ಆರನೆಯ ರೂಪವನ್ನೇ ಹೇಳುತ್ತಾರೆ.

ಲ್ಯಾಟಿನ್ನಿನಲ್ಲಿ ಧಾತುಗಳ ಗಣಗಳು ನಾಲ್ಕಿದ್ದುವು. ಅದರಿಂದ ಹುಟ್ಟಿದ ಸ್ಪ್ಯಾನಿಷಿನಲ್ಲಿ ಮೂರು ಉಳಿದಿವೆ. ಮೊದಲನೆಯದು ಮೇಲೆ ಹೇಳಿದ 'ಆರ್' ಗಣ. ಎರಡನೆಯದು 'ಏರ್' ಗಣ. ಇದರಲ್ಲಿ ತಿನ್ನುವುದೆಂಬ ಅರ್ಥದ 'ಕೊಮೇರ್' ಧಾತುವಿಗೆ ಕೋಮೊ, ಕೋಮೆಸ್, ಕೋಮೆ, ಕೊಮೇಮೊಸ್, ಕೊಮೇಯ್ಸ್, ಕೋಮೆನ್ ಎಂದು ರೂಪಗಳು. ಮೂರನೆಯದು 'ಈರ್' ಗಣ. ಇದರಲ್ಲಿ ಬದುಕುವುದೆಂಬ ಅರ್ಥದ 'ಬಿಬೀರ್' ಧಾತುವಿಗೆ ಬೀಬೊ, ಬೀಬೆಸ್, ಬೀಬೆ, ಬಿಬೀಮೊಸ್, ಬಿಬೀಸ್, ಬೀಬೆನ್ ಎಂದು ರೂಪಗಳು.

ಈ ಎರಡು ಸಾಲುಗಳನ್ನು ಹೋಲಿಸಿ ನೋಡಿರಿ. ಪ್ರತ್ಯಯಗಳು ಬೇರೆಯಾಗುವುದು ನಾಲ್ಕನೆಯ ಮತ್ತು ಐದನೆಯ ರೂಪಗಳಲ್ಲಿ ಮಾತ್ರ. ಒತ್ತು ಪ್ರತ್ಯಯದ ಮೇಲೆ ಬೀಳುವುದೂ ಆ ಎರಡರಲ್ಲಿಯೇ. ಉಳಿದ ನಾಲ್ಕರಲ್ಲಿ ಒತ್ತು ಪ್ರಕೃತಿಯ ಮೇಲಿದೆ. ಅಲ್ಲಿ ಗಣಗಳ ಭೇದವು ಅಳಿಸಿಹೋಗಿದೆ. ಆದುದರಿಂದ ಪ್ರತ್ಯಯಗಳ ಪಟ್ಟಿಗಿಂತ ಒತ್ತಿನ ಸ್ಥಾನವು ಆಳವಾದ ನಿಯಮವೆಂದು ಊಹಿಸಬಹುದು.

ಈ ಊಹೆಯನ್ನು ಒಂದು ಅಪವಾದದ ಮೇಲೆ ಪರೀಕ್ಷಿಸೋಣ. 'ಪ್ರೊಬಾರ್' ಎಂದರೆ ಪ್ರಯೋಗಿಸಿ ನೋಡುವುದು. ಇದರ ರೂಪಗಳು ಪ್ರುವೇಬೊ, ಪ್ರುವೇಬಸ್, ಪ್ರುವೇಬ, ಪ್ರೊಬಾಮೊಸ್, ಪ್ರೊಬಾಯ್ಸ್, ಪ್ರುವೇಬನ್. ವಿದ್ಯಾರ್ಥಿಗಳು ಇದನ್ನು ನಿಯಮವಿಲ್ಲದ ಧಾತುವೆಂದು ಬಾಯಿಪಾಠ ಮಾಡುವುದುಂಟು. ಆದರೆ ಪ್ರಕೃತಿಯು ಮಾರ್ಪಟ್ಟಿರುವುದು ಒತ್ತು ಅದರ ಮೇಲೆ ಬಿದ್ದ ನಾಲ್ಕು ರೂಪಗಳಲ್ಲಿಯೇ! ಒತ್ತು ಪಡೆದ ಲ್ಯಾಟಿನ್ನಿನ ಹ್ರಸ್ವ ಒಕಾರವು ಸ್ಪ್ಯಾನಿಷಿನಲ್ಲಿ ಸಾಮಾನ್ಯವಾಗಿ 'ವೆ' ಎಂದು ಒಡೆಯಿತು; ಒತ್ತಿಲ್ಲದ ಒಕಾರವು ಹಾಗೆಯೇ ನಿಂತಿತು. ಅಪವಾದವೆಂದು ತೋರಿದುದು ಅದೇ ನಿಯಮದ ಇನ್ನೊಂದು ಫಲ.

ಈ ನಿಯಮಕ್ಕೂ ಮೇರೆಯುಂಟು. 'ಕೊಮೇರ್' ಧಾತುವಿನ ಒಕಾರವು ಒಡೆಯದೆ 'ಕೋಮೊ' ಎಂದಾಯಿತೆಂಬುದನ್ನು ಮರೆಯಬಾರದು. ಸ್ವರವು ಯಾವ ಧಾತುಗಳಲ್ಲಿ ಒಡೆಯುತ್ತದೆಂಬುದನ್ನು ಅಭ್ಯಾಸದಿಂದಲೇ ಅರಿಯಬೇಕು; ಒಡೆದರೆ ಯಾವ ರೂಪಗಳಲ್ಲಿ ಎಂಬುದನ್ನು ಮಾತ್ರ ನಿಯಮವು ತಿಳಿಸುತ್ತದೆ.

ಈಗ 'ಮಿರಾರ್' ಎಂಬ ಕ್ರಮಬದ್ಧ ಧಾತುವನ್ನು ಕೊಡುತ್ತೇವೆ. ಇದರ ಅರ್ಥ ನೋಡುವುದು. ಮುಂದಿನ ಸಾಲನ್ನು ಮುಚ್ಚಿಕೊಂಡು ಆರು ರೂಪಗಳನ್ನು ಬರೆಯಿರಿ, ಬಳಿಕ ತಾಳೆನೋಡಿರಿ.

ಉತ್ತರ: ಮೀರೊ, ಮೀರಸ್, ಮೀರ, ಮಿರಾಮೊಸ್, ಮಿರಾಯ್ಸ್, ಮೀರನ್.