ಉಗುರಿನ ಮೇಲಿನ ಗೆರೆಗಳು

ನಿಮ್ಮ ಉಗುರನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿರಿ. ಬುಡದಿಂದ ತುದಿಯವರೆಗೆ ಸಣ್ಣ ಏಣುಗಳು ಕಾಣಬಹುದು. ಕೆಲವರಲ್ಲಿ ಅಡ್ಡ ತಗ್ಗುಗಳೂ ಇರುತ್ತವೆ. ಖಾನಾಪುರದಿಂದ ಬೆಳಗಾವಿಯ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ತನ್ನ ಹತ್ತೂ ಉಗುರುಗಳಲ್ಲಿ ಅಡ್ಡ ತಗ್ಗುಗಳನ್ನು ಕಂಡು, ಯಾವುದೋ ರೋಗ ಅಂಟಿತೆಂದು ಅಂಜಿ ನನ್ನಲ್ಲಿಗೆ ಬಂದನು.

ಉಗುರು ಕೆರಾಟಿನ್ ಎಂಬ ಪ್ರೋಟೀನಿನ ಫಲಕ. ಚರ್ಮದ ಮಡಿಕೆಯೊಳಗೆ ಅಡಗಿರುವ ಬೇರಿನಲ್ಲಿ ಹುಟ್ಟಿದ ಜೀವಕೋಶಗಳು ಗಡುಸಾಗಿ ಮುಂದಕ್ಕೆ ಸರಿಯುತ್ತವೆ. ಚಕ್ಕುಲಿಯ ಒರಳನ್ನು ನೆನೆಯಿರಿ. ಬಿಲ್ಲೆಯ ರಂಧ್ರಕ್ಕೆ ಹಲ್ಲುಗಳಿದ್ದರೆ ಎಳೆಯ ಉದ್ದಕ್ಕೂ ಏಣುಗಳು ಮೂಡುತ್ತವೆ; ಒತ್ತುವ ಕೈ ತಡೆದರೆ ಎಳೆ ಅಲ್ಲಿ ತೆಳುವಾಗುತ್ತದೆ. ಉಗುರಿನಲ್ಲಿಯೂ ಹೀಗೆಯೇ. ವಯಸ್ಸಾದಂತೆ ಹೆಚ್ಚುವ ಉದ್ದನೆಯ ಏಣುಗಳು ಸಾಮಾನ್ಯವಾಗಿ ನಿರಪಾಯಕರ. ತೀವ್ರ ಜ್ವರವು ಬೆಳವಣಿಗೆಯನ್ನು ತಡೆದಾಗ ಅಡ್ಡ ತಗ್ಗು ಬೀಳುತ್ತದೆ. ಫ್ರೆಂಚ್ ವೈದ್ಯ ಬೋ ಇದನ್ನು 1846ರಲ್ಲಿ ವರ್ಣಿಸಿದನು.

ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದು. ವಿದ್ಯಾರ್ಥಿಯು ಅಳೆದಾಗ ತಗ್ಗು ಬುಡದಿಂದ 6 ಮಿಲಿಮೀಟರ್ ದೂರದಲ್ಲಿತ್ತು. ಚರ್ಮದಡಿಯ ಭಾಗವನ್ನೂ ಎಣಿಸಿದರೆ ಕಾರಣವು ಎರಡು ತಿಂಗಳಿಗೂ ತುಸು ಹಿಂದಿನದು. ಆ ಮಳೆಗಾಲದಲ್ಲಿ ತಾನು ಜ್ವರದಿಂದ ಮಲಗಿದ್ದುದು ಅವನಿಗೆ ನೆನಪಾಯಿತು. ತಗ್ಗು ಕ್ರಮೇಣ ತುದಿಗೆ ಸರಿದು ಕತ್ತರಿಗೆ ಸಿಕ್ಕಿತು.

ಏಣುಗಳನ್ನು ಉಜ್ಜಿ ಸವೆಯಿಸಬಾರದು, ಉಗುರು ತೆಳುವಾಗುವುದು. ಬುಡದ ಚರ್ಮವನ್ನು ಕೀಳಬಾರದು. ಖಾನಾಪುರದ ಕುಂಬಾರರಂತೆ ಹಸಿ ಮಣ್ಣಿನಲ್ಲಿ ಕೈಯಾಡಿಸುವವರ ಉಗುರು ನೆನೆದು ಒಣಗಿ ಸೀಳುವ ಸಂಭವವುಂಟು. ಕೆಲಸ ಮುಗಿದೊಡನೆ ಕೈಯೊರಸಿ ಕೊಬ್ಬರಿ ಎಣ್ಣೆ ಸವರುವುದು ಒಳ್ಳೆಯದು. ಉಗುರು ಚಮಚದಂತೆ ಕುಳಿಬಿದ್ದರೆ ಕಬ್ಬಿಣಾಂಶದ ಕೊರತೆಯಿರಬಹುದು. ಹೊಸದಾಗಿ ಕಪ್ಪು ಪಟ್ಟೆ ಮೂಡಿದರಾಗಲಿ, ಕಾರಣ ತಿಳಿಯದ ಅಡ್ಡ ತಗ್ಗುಗಳು ಕಂಡರಾಗಲಿ, ತಡಮಾಡದೆ ವೈದ್ಯರಿಗೆ ತೋರಿಸಿರಿ.