ನೆಗೆಟಿವ್ ರಕ್ತದ ತಾಯಂದಿರೇ, 72 ಗಂಟೆ ಮರೆಯದಿರಿ

"ಹಕೀಮರೇ, ಇವಳ ಗರ್ಭಕೋಶಕ್ಕೆ ಬಲ ಬರುವ ಮಾಜೂನ್ ಏನಾದರೂ ಕೊಡಿ" ಎನ್ನುತ್ತಾ ಅತ್ತೆಯೊಬ್ಬರು ಸೊಸೆಯನ್ನು ಕರೆತಂದಿದ್ದರು. ಮೊದಲ ಮಗು ಆರೋಗ್ಯವಾಗಿತ್ತು. ಎರಡನೆಯದು ಹುಟ್ಟಿದ ಮರುದಿನವೇ ತೀವ್ರ ಕಾಮಾಲೆಯಿಂದ ತೀರಿಕೊಂಡಿತ್ತು. ದೃಷ್ಟಿ ತಗುಲಿತೆಂದು ಕೆಲವರು, ಸೊಸೆಯಲ್ಲೇ ದೋಷವಿದೆಯೆಂದು ಇನ್ನು ಕೆಲವರು ಆಡಿಕೊಂಡಿದ್ದರಂತೆ. ನಾನು ರಕ್ತದ ಗುಂಪಿನ ಚೀಟಿ ಕೇಳಿದೆ. ಸೊಸೆ ಓ ನೆಗೆಟಿವ್, ಗಂಡ ಪಾಸಿಟಿವ್. ಮೊದಲ ಹೆರಿಗೆಯ ನಂತರ ಕೊಡಬೇಕಾದ ಇಂಜೆಕ್ಷನ್ ತಪ್ಪಿಹೋಗಿತ್ತು.

ಆರ್‌ಎಚ್ ಎಂಬುದು ಕೆಂಪು ರಕ್ತಕಣಗಳ ಮೇಲಿರುವ ಒಂದು ಅಂಶ. ಅದು ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ನೆಗೆಟಿವ್ ಇರುವುದು ರೋಗವಲ್ಲ, ಯಾರ ತಪ್ಪೂ ಅಲ್ಲ. ಆದರೆ ತಂದೆ ಪಾಸಿಟಿವ್ ಆಗಿದ್ದರೆ ಮಗುವೂ ಪಾಸಿಟಿವ್ ಆಗಬಹುದು. ಹೆರಿಗೆಯ ವೇಳೆ ಮಗುವಿನ ಸ್ವಲ್ಪ ರಕ್ತ ತಾಯಿಯ ರಕ್ತಕ್ಕೆ ಸೇರುತ್ತದೆ. ತಾಯಿಯ ದೇಹ ಅದನ್ನು ಹೊರಗಿನದೆಂದು ಭಾವಿಸಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅಷ್ಟರಲ್ಲಿ ಮೊದಲ ಮಗು ಹೊರಬಂದಿರುವುದರಿಂದ ಅದಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮುಂದಿನ ಮಗುವೂ ಪಾಸಿಟಿವ್ ಆದರೆ ಈ ಪ್ರತಿಕಾಯಗಳು ಮಾಸಿನ ಮೂಲಕ ಹಾದು ಅದರ ರಕ್ತಕಣಗಳನ್ನು ನಾಶಪಡಿಸುತ್ತವೆ. ರಕ್ತಹೀನತೆ, ಮೈ ಬಾವು, ತೀವ್ರ ಕಾಮಾಲೆ, ಕೆಲವೊಮ್ಮೆ ಗರ್ಭದಲ್ಲೇ ಸಾವು ಸಂಭವಿಸಬಹುದು.

ಇದನ್ನು ತಡೆಯುವ ಆ್ಯಂಟಿ-ಡಿ ಇಂಜೆಕ್ಷನ್ 1968ರಿಂದಲೇ ಬಳಕೆಯಲ್ಲಿದೆ. ಮಗು ಪಾಸಿಟಿವ್ ಎಂದು ತಿಳಿದರೆ ಹೆರಿಗೆಯಾದ 72 ಗಂಟೆಗಳೊಳಗೆ ತಾಯಿಗೆ ಇದನ್ನು ಕೊಡಬೇಕು. ಸಾಮಾನ್ಯ ಪ್ರಮಾಣ 300 ಮೈಕ್ರೋಗ್ರಾಂ. ಗರ್ಭದ 28ನೇ ವಾರದಲ್ಲೂ ಒಂದು ಡೋಸ್ ಕೊಡುವುದುಂಟು. ಸಮಯ ಮೀರಿದ್ದರೂ ಸುಮ್ಮನಿರದೆ ಕೂಡಲೇ ವೈದ್ಯರನ್ನು ಕಾಣಿರಿ. ಒಮ್ಮೆ ಪಡೆದರೆ ಸಾಲದು, ಪ್ರತಿ ಗರ್ಭಕ್ಕೂ ಹೊಸದಾಗಿ ಬೇಕು.

ಗರ್ಭ ನಿಲ್ಲದೆ ಹೋದಾಗ, ಗರ್ಭನಾಳದಲ್ಲಿ ಗರ್ಭ ಕಟ್ಟಿದಾಗ, ಗರ್ಭಿಣಿಗೆ ರಕ್ತಸ್ರಾವವಾದಾಗ ಅಥವಾ ಹೊಟ್ಟೆಗೆ ಪೆಟ್ಟು ಬಿದ್ದಾಗಲೂ ಈ ಇಂಜೆಕ್ಷನ್ ಬೇಕಾಗಬಹುದು. ಗರ್ಭ ಹೋದ ಸಂಗತಿಯನ್ನು ಸಂಕೋಚದಿಂದ ಮುಚ್ಚಿಡುವ ಮನೆಗಳಲ್ಲಿ ಅಪಾಯ ಹೆಚ್ಚು.

ಯೂನಾನಿ ವೈದ್ಯನಾಗಿಯೇ ಹೇಳುತ್ತೇನೆ: ಬಾಣಂತಿಯ ಶಕ್ತಿಗೆ ನಮ್ಮಲ್ಲಿ ಒಳ್ಳೆಯ ಔಷಧಿಗಳಿವೆ, ಆದರೆ ಈ ಇಂಜೆಕ್ಷನ್‌ಗೆ ಬದಲಿ ಇಲ್ಲ. ಪ್ರತಿಕಾಯಗಳು ಒಮ್ಮೆ ಉಂಟಾದ ಮೇಲೆ ಇಂಜೆಕ್ಷನ್ ಕೂಡ ಅವನ್ನು ಹೋಗಲಾಡಿಸದು.

ಆ ಸೊಸೆಗೆ ನಾನು ಮಾಜೂನ್ ಕೊಡಲಿಲ್ಲ. ಕೂಂಬ್ಸ್ ಪರೀಕ್ಷೆ ಮಾಡಿಸಿ, ಮುಂದಿನ ಗರ್ಭವನ್ನು ಆರಂಭದಿಂದಲೇ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಲು ಹೇಳಿದೆ. ಗರ್ಭದಲ್ಲಿರುವ ಮಗುವಿಗೇ ರಕ್ತ ಕೊಡುವ ಚಿಕಿತ್ಸೆ ಇಂದು ಇದೆ.

ಮೊದಲ ಹೆರಿಗೆ ತವರಲ್ಲಿ, ಎರಡನೆಯದು ಗಂಡನ ಮನೆಯಲ್ಲಿ ಆಗುವಾಗ ಚೀಟಿಗಳು ಕಳೆದುಹೋಗುತ್ತವೆ. ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು, ಇಂಜೆಕ್ಷನ್ ಪಡೆದ ದಿನಾಂಕ ಬರೆಸಿಡಿ. ಮಗು ಹುಟ್ಟಿದಾಗ ತೂಕ ಕೇಳುವಂತೆಯೇ ಅದರ ರಕ್ತದ ಗುಂಪನ್ನೂ ಕೇಳಿರಿ. ಈ ಇಂಜೆಕ್ಷನ್ ಮಡಿಲಲ್ಲಿರುವ ಮಗುವಿಗಾಗಿ ಅಲ್ಲ, ಇನ್ನು ಹುಟ್ಟಬೇಕಾದ ಮಗುವಿಗಾಗಿ.